ಮೊಟ್ಟೆ ನಿಂತ ಕೋಳಿಯನ್ನು ಕಾಡಂಚಿಗೆ ಬಿಡಬೇಡಿ

ಮಾನ್ಯ ಸಂಪಾದಕರೇ,

ಈ ಮಳೆಗಾಲದಲ್ಲಿ ಪೊನ್ನಂಪೇಟೆ ಕಡೆಯ ತೋಟದ ರಸ್ತೆಗಳಲ್ಲಿ ಯಾರದ್ದೂ ಅಲ್ಲದ ಕೋಳಿಗಳು ಕಾಣಿಸುತ್ತಿವೆ. ದಪ್ಪ ಮೈಯ ಕಂದು ಹೇಟೆಗಳು. ಮನುಷ್ಯರನ್ನು ಕಂಡರೆ ಓಡುವ ಬದಲು ಕಾಳು ಸಿಗುತ್ತೆ ಅಂತ ಹತ್ತಿರ ಬರುತ್ತವೆ. ಮೊಟ್ಟೆ ನಿಂತಿತು ಅಂತ ಯಾರೋ ತಂದು ಬಿಟ್ಟು ಹೋದವು. ಕೊಯ್ಯಲು ಮನಸ್ಸಿಲ್ಲ, ಸುಮ್ನೆ ಕಾಳು ಹಾಕಿ ಸಾಕಲೂ ಮನಸ್ಸಿಲ್ಲ, ಕಾಡಲ್ಲಿ ಹೇಗೋ ಬದುಕಿಕೊಳ್ಳಲಿ ಅಂತ ಬಿಡುತ್ತಾರೆ.

ಬದುಕಲ್ಲ. ಶೆಡ್ಡಿನಲ್ಲೇ ಬೆಳೆದ ಕೋಳಿಗೆ ಕತ್ತಲಾದರೆ ಮರ ಹತ್ತಬೇಕು ಅನ್ನೋದೇ ಗೊತ್ತಿರಲ್ಲ. ನಾನು ಕಂಡ ಒಂದು ಹೇಟೆ ರೊಬಸ್ಟಾ ಕಾಫಿ ಗಿಡದ ಬುಡದಲ್ಲಿ ಮುದುರಿ ಕೂತಿತ್ತು. ಪುಕ್ಕವೆಲ್ಲ ಒದ್ದೆಯಾಗಿ ಮೈಗೆ ಅಂಟಿತ್ತು, ಕಾಲಿನ ಸಂದಿಯಲ್ಲಿ ಜಿಗಣೆ. ಎತ್ತಿಕೊಂಡರೆ ಒದ್ದಾಡಲೂ ಇಲ್ಲ. ಇಂಥದ್ದನ್ನು ಮುಂಗುಸಿಯೋ ಕಾಡುಬೆಕ್ಕೋ ಒಂದೇ ರಾತ್ರಿಯಲ್ಲಿ ಮುಗಿಸುತ್ತೆ. ಅದೂ ಅಲ್ಲದೆ ಊರ ಕೋಳಿಯ ರೋಗ, ಮುಖ್ಯವಾಗಿ ರಾಣಿಖೇತ್, ನಮ್ಮ ಕಾಡುಕೋಳಿಗಳಿಗೂ ತಗುಲಬಹುದು. ಹಸಿದು ನರಳುವ ಹಾಗೆ ಪ್ರಾಣಿಯನ್ನು ಕಾರಣವಿಲ್ಲದೆ ಬಿಟ್ಟು ಹೋಗೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಕೂಡ.

ನನಗೆ ಜಾಸ್ತಿ ಬೇಜಾರಾಗುವುದು ಇನ್ನೊಂದಕ್ಕೆ. ಹೀಗೆ ಬಿಟ್ಟ ಕೋಳಿಗಳಲ್ಲಿ ಎಷ್ಟೋ ಕೋಳಿಗೆ ವಯಸ್ಸೇ ಆಗಿರಲ್ಲ. ಕೋಳಿ ಚೆನ್ನಾಗಿ ಮೊಟ್ಟೆ ಇಡಬೇಕಾದರೆ ದಿನಕ್ಕೆ ಸುಮಾರು 14 ಗಂಟೆ ಬೆಳಕು ಬೇಕು. ಜುಲೈ ತಿಂಗಳ ನಮ್ಮ ಮೋಡ, ಥಂಡಿಯಲ್ಲಿ ಅದೆಲ್ಲಿಂದ ಬರಬೇಕು? ವರ್ಷಕ್ಕೊಮ್ಮೆ ಗರಿ ಉದುರಿಸುವಾಗಲೂ ಎರಡು ಮೂರು ತಿಂಗಳು ಮೊಟ್ಟೆ ನಿಲ್ಲುತ್ತೆ, ಯಾಕೆಂದರೆ ತಿಂದದ್ದೆಲ್ಲ ಹೊಸ ಗರಿಗೇ ಹೋಗುತ್ತೆ. ನಾಟಿ ಕೋಳಿಯಾದರೆ ಹತ್ತು ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂರುತ್ತೆ, 21 ದಿನ ಕಾವು, ಆಮೇಲೆ ಮರಿ ಸಾಕಾಟ, ಅಷ್ಟು ದಿನ ಮೊಟ್ಟೆ ಇಲ್ಲ. ಹೊಟ್ಟೆಹುಳ ಆಗಿದ್ದರೂ ಕಡಿಮೆಯಾಗುತ್ತೆ. ದೊಡ್ಡ ಫಾರಂಗಳಲ್ಲಿ 72ರಿಂದ 80 ವಾರಕ್ಕೆ ಲೇಯರ್ ಕೋಳಿ, ಅಂದರೆ ಮೊಟ್ಟೆಗೆಂದೇ ಸಾಕುವ ಕೋಳಿ, ತೆಗೆಯುತ್ತಾರೆ ನಿಜ, ಅದು ಮೇವಿನ ಖರ್ಚಿಗೆ ಮೊಟ್ಟೆ ಹುಟ್ಟಲ್ಲ ಅನ್ನುವ ಲೆಕ್ಕ. ಮನೆ ಹಿತ್ತಲಿಗೆ ಆ ಲೆಕ್ಕ ಯಾಕೆ? ಎರಡನೇ ವರ್ಷ, ಮೂರನೇ ವರ್ಷ ಮೊಟ್ಟೆ ಕಡಿಮೆಯಾಗುತ್ತಾ ಹೋಗುತ್ತೆ, ಆದರೆ ಒಂದೇ ಸಲ ನಿಂತುಬಿಡಲ್ಲ.

ಮೊಟ್ಟೆ ಇಡುತ್ತಿದೆಯೋ ಇಲ್ಲವೋ ಅಂತ ಕೈಯಲ್ಲೇ ನೋಡಬಹುದು. ರಾತ್ರಿ ಕೋಳಿ ಕೋಲಿನ ಮೇಲೆ ಕೂತಾಗ ಮೆಲ್ಲಗೆ ಎತ್ತಿ, ತಲೆ ಹಿಂದಕ್ಕೆ ಬರುವ ಹಾಗೆ ಕಂಕುಳಲ್ಲಿ ಹಿಡಿದುಕೊಳ್ಳಿ, ಕತ್ತಲಲ್ಲಿ ಅದು ಗಲಾಟೆ ಮಾಡಲ್ಲ. ಮೊಟ್ಟೆ ಬರುವ ದ್ವಾರದ ಎರಡು ಪಕ್ಕ ಚೂಪಾದ ಎರಡು ಮೂಳೆ ತುದಿ ಸಿಗುತ್ತೆ. ಆ ಎರಡು ತುದಿಗಳ ಮಧ್ಯೆ ಹೊರಗಿನಿಂದ ಎರಡು ಮೂರು ಬೆರಳು ಅಡ್ಡ ಇಡುವಷ್ಟು ಜಾಗವಿದ್ದು, ದ್ವಾರ ಅಗಲವಾಗಿ ಒದ್ದೆ ಒದ್ದೆಯಾಗಿದ್ದರೆ ಅದು ಇಡುತ್ತಿರುವ ಕೋಳಿ. ಒಂದು ಬೆರಳೂ ಕಷ್ಟ, ದ್ವಾರ ಸಣ್ಣಗೆ ಒಣಗಿದೆ, ಜುಟ್ಟು ಪೇಲವ ಅಂದರೆ ಸದ್ಯಕ್ಕೆ ನಿಲ್ಲಿಸಿದೆ. ಒಂದು ದಿನ ನೋಡಿ ತೀರ್ಮಾನ ಮಾಡಬೇಡಿ. ಮಳೆ ನಿಂತು, ಹೊಸ ಗರಿ ಬಂದು, ಪುತ್ತರಿ ಅಂದರೆ ನಮ್ಮ ಸುಗ್ಗಿ ಹಬ್ಬದ ಹೊತ್ತಿಗೂ ಹಾಗೇ ಇದ್ದರೆ ಆಗ ಯೋಚನೆ ಮಾಡಿ.

ನಿಜವಾಗಿ ಮುದಿಯಾದ ನಾಟಿ ಹೇಟೆಯಿದ್ದರೆ ನಾನಾದರೆ ಮೊದಲು ಕಾವಿಗೇ ಇಟ್ಟುಕೊಳ್ಳುತ್ತೇನೆ. ಗಿರಿರಾಜದಂಥ ಸುಧಾರಿತ ತಳಿಯ ಕೋಳಿಗಳು ಸಾಮಾನ್ಯವಾಗಿ ಕಾವಿಗೆ ಕೂರಲ್ಲ, ಅವುಗಳ ಮೊಟ್ಟೆಯನ್ನು ನಾಟಿ ಹೇಟೆಯ ಅಡಿಯಲ್ಲೇ ಇಡಬೇಕು. ತಾನು ಮೊಟ್ಟೆ ಇಡುವುದು ಕಡಿಮೆಯಾದ ಮೇಲೂ ಒಳ್ಳೆಯ ತಾಯಿಕೋಳಿ ಬೇರೆಯವರ ಮೊಟ್ಟೆಗೆ ಕಾವು ಕೊಡುತ್ತೆ. ಗಿಡುಗ ಬಂದಾಗ ಮರಿಗಳನ್ನು ಹೇಗೆ ರೆಕ್ಕೆ ಕೆಳಗೆ ಸೇರಿಸಿಕೊಳ್ಳುತ್ತೆ ಅಂತ ನೋಡಿದವರಿಗೆ ಅದರ ಬೆಲೆ ಗೊತ್ತು. ಇಂಕ್ಯುಬೇಟರ್ ಇಲ್ಲದ, ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ನಮ್ಮಂಥ ಊರಲ್ಲಿ ಇಂಥ ಕೋಳಿಯನ್ನು ಯಾರಾದರೂ ಬಿಡುತ್ತಾರಾ?

ಇನ್ನು ಅಡಿಗೆ. ನಾನು ಕೋಳಿ ತಿನ್ನುವ ಮನೆಯವರ ಪೈಕಿ, ಮುದಿ ಕೋಳಿ ಕೊಯ್ಯುವುದು ತಪ್ಪು ಅಂತ ಹೇಳಲ್ಲ. ಕೊಯ್ಯುವುದಾದರೆ ಕೈ ಪಳಗಿದವರಿಂದ, ಬೇಗ, ಬೇರೆ ಕೋಳಿಗಳ ಕಣ್ಣೆದುರು ಅಲ್ಲದ ಹಾಗೆ ಮಾಡಿಸಿ. ಮಾಂಸ ಗಟ್ಟಿ ಇರುತ್ತೆ, ಬ್ರಾಯ್ಲರ್ ಕೋಳಿ ಥರ ಬೇಯಿಸಿದರೆ ರಬ್ಬರ್. ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬಿಟ್ಟು, ಕೊನೆಗೆ ಹುರಿದ ಕಾಳುಮೆಣಸು, ಚೂರು ಕಾಚಂಪುಳಿ (ನಮ್ಮ ಕಡೆಯ ಕಪ್ಪು ಹುಳಿ) ಹಾಕಿದರೆ ಆ ಸಾರಿನ ರುಚಿ ಎಳೆ ಕೋಳಿಗೆ ಬರಲ್ಲ, ಅಕ್ಕಿ ಉಂಡೆ ಕಡಂಬುಟ್ಟಿನ ಜೊತೆ ಹೇಳುವುದೇ ಬೇಡ. ಕಾಯಿಲೆ ಬಿದ್ದ ಕೋಳಿಯನ್ನು ಮಾತ್ರ ತಿನ್ನಬೇಡಿ. ಔಷಧಿ ಕೊಟ್ಟಿದ್ದರೆ ಎಷ್ಟು ದಿನ ಬಿಡಬೇಕು ಅಂತ ಪಶು ವೈದ್ಯರನ್ನು ಕೇಳಿ.

ಮಾರುವವರು ಕಾಲು ಕಟ್ಟಿ ತಲೆಕೆಳಗಾಗಿ ಸ್ಕೂಟರ್ ಹ್ಯಾಂಡಲ್‌ಗೆ ನೇತುಹಾಕಿಕೊಂಡು ಹೋಗೋದನ್ನು ದಯವಿಟ್ಟು ನಿಲ್ಲಿಸಿ. ಒಂದು ಬುಟ್ಟಿ ಸಾಕು.

ಅತಿಥಿಗಳಿಗೆ ಮನೆ ಮೊಟ್ಟೆ ಕೊಡಬೇಕು ಅಂತ ಕೋಳಿ ತರುವ ಹೋಂಸ್ಟೇಯವರಿಗೂ ಒಂದು ಮಾತು. ಕೋಳಿ ಆರೇಳು ವರ್ಷ ಬದುಕಬಲ್ಲದು, ಒಳ್ಳೆ ಮೊಟ್ಟೆ ಸಿಗುವುದು ಎರಡು ಮೂರು ವರ್ಷ. ಉಳಿದ ವರ್ಷಕ್ಕೆ ಏನು ಮಾಡುತ್ತೀರಿ ಅಂತ ಮರಿ ತರುವ ದಿನವೇ ಮನೆಯವರೆಲ್ಲ ಕೂತು ಮಾತಾಡಿ. ಸಾಕುತ್ತೀರಾ, ತಿನ್ನುತ್ತೀರಾ, ತಿನ್ನುವವರಿಗೆ ಕೊಡುತ್ತೀರಾ, ಯಾವುದಾದರೂ ಸರಿ.

ಪಶುಪಾಲನಾ ಇಲಾಖೆಯವರಲ್ಲೂ ಒಂದು ಕೇಳಿಕೆ. ಹಿತ್ತಲ ಕೋಳಿ ಸಾಕಣೆಗೆ ಮರಿ ಹಂಚುವಾಗ ಲಸಿಕೆ, ಮೇವಿನ ಬಗ್ಗೆ ಹೇಳುತ್ತೀರಿ. ಅದೇ ದಿನ ಒಂದು ಬೆಳೆದ ಹೇಟೆಯನ್ನು ತಂದು, ಬಂದವರ ಬೆರಳಿಗೇ ಮೊಟ್ಟೆ ದ್ವಾರದ ಪಕ್ಕದ ಆ ಮೂಳೆಗಳನ್ನು ಮುಟ್ಟಿಸಿ ತೋರಿಸಿ. ಐದು ನಿಮಿಷದ ಕೆಲಸ.

ಇಂತಿ,
ಕೋಳಿ ಸಾಕುವ ಒಬ್ಬ ಓದುಗರು, ದಕ್ಷಿಣ ಕೊಡಗು