ಕಾರ್ಡಿನಲ್ಲಿ ಮಣ್ಣಿನ ಆಳವನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಹಿಂಗಾರಿ ಬಿತ್ತನೆಗೆ ಮುಂಚೆ ನಮ್ಮ ಭಾಗದ ರೈತರ ಕೈಗೆ ಮತ್ತೊಮ್ಮೆ ಮಣ್ಣು ಆರೋಗ್ಯ ಕಾರ್ಡುಗಳು ಬಂದಿವೆ. ಅವುಗಳ ಬಗ್ಗೆ ಒಂದು ಬೇಡಿಕೆಯನ್ನು ನಿಮ್ಮ ಪತ್ರಿಕೆಯ ಮೂಲಕ ಕೃಷಿ, ಜಲಾನಯನ ಮತ್ತು ಕಂದಾಯ ಇಲಾಖೆಗಳ ಮುಂದಿಡಬೇಕಾಗಿದೆ. ನಾನು ಮಣ್ಣು ಸಮೀಕ್ಷೆಯ ತಂಡಗಳಲ್ಲಿ ಕ್ಷೇತ್ರ ಸಹಾಯಕಿಯಾಗಿ, ನಂತರ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಈಗ ನರಗುಂದ ತಾಲ್ಲೂಕಿನ ನಮ್ಮ ಊರಿನಲ್ಲಿ ಅಣ್ಣನ ಜೊತೆ ಒಕ್ಕಲುತನ ನೋಡಿಕೊಳ್ಳುತ್ತಿದ್ದೇನೆ.

ಅಣ್ಣನ ಪಾಲಿಗೆ ಬಂದ ಹೊಲ ದಿಬ್ಬದ ಕಡೆಗಿದೆ, ನನ್ನದು ಹಳ್ಳದ ದಂಡೆಯಲ್ಲಿ. ಕಾರ್ಡುಗಳನ್ನು ತಂದ ದಿನ ಅಣ್ಣ ಎರಡನ್ನೂ ಮುಂದಿಟ್ಟು, ‘ತಂಗಿ, ಇಬ್ಬರ ಹೊಲಕ್ಕೂ ಒಂದೇ ಚೀಟಿ ಬಂದಿದೆ ನೋಡು’ ಎಂದ. ನೋಡಿದೆ. ರಸಸಾರ (ಪಿಎಚ್), ಲವಣಾಂಶ, ಸಾವಯವ ಇಂಗಾಲ, ರಂಜಕ, ಪೊಟ್ಯಾಷ್, ಸತು ಎಲ್ಲವೂ ಹೆಚ್ಚುಕಡಿಮೆ ಒಂದೇ. ಹಿಂಗಾರಿ ಜೋಳಕ್ಕೆ ಹಾಕಬೇಕಾದ ಗೊಬ್ಬರದ ಲೆಕ್ಕವೂ ಒಂದೇ. ಪ್ರಯೋಗಾಲಯದವರು ಸುಳ್ಳು ಬರೆದಿಲ್ಲ. ಕೊಟ್ಟ ಮಣ್ಣನ್ನು ಅವರು ಸರಿಯಾಗಿಯೇ ಪರೀಕ್ಷಿಸಿದ್ದಾರೆ. ಆದರೆ ಅವರಿಗೆ ಕೊಟ್ಟದ್ದು ಮೇಲಿನ ಒಂದು ಗೇಣು ಮಣ್ಣು ಮಾತ್ರ.

ಅಣ್ಣನ ಹೊಲದಲ್ಲಿ ಒಂದೂವರೆ ಅಡಿ ಅಗೆದರೆ ಹಾರೆ ಗರಸಿಗೆ, ಅಂದರೆ ಕಲ್ಲುಚೂರಿನ ಪದರಕ್ಕೆ, ತಾಗುತ್ತದೆ. ನನ್ನ ಹೊಲದಲ್ಲಿ ಆಳೆತ್ತರ ಅಗೆದರೂ ಕಪ್ಪು ಮುಗಿಯುವುದಿಲ್ಲ. ನೋಡುವವರ ಕಣ್ಣಿಗೆ ಎರಡೂ ಎರೆ, ಅಂದರೆ ಕಪ್ಪು ಮಣ್ಣು. ಬೇಸಿಗೆಯಲ್ಲಿ ಎರಡೂ ಬಿರಿಯುತ್ತವೆ, ಮಳೆ ಬಿದ್ದ ಮರುದಿನ ಎರಡೂ ಕಾಲಿಗೆ ಮೆತ್ತುತ್ತವೆ. ಆದರೆ ಒಂದೂವರೆ ಮೀಟರ್ ಆಳದ ಎರೆಭೂಮಿ ಬೆಳೆಗೆ ಸಿಗುವಂಥ ನೀರನ್ನು ಸುಮಾರು 200 ಮಿಲಿಮೀಟರ್‌ನಷ್ಟು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಒಂದೂವರೆ ಅಡಿಯ ಎರೆಗೆ ಅದರ ಮೂರನೇ ಒಂದು ಭಾಗ ಹಿಡಿದರೆ ಹೆಚ್ಚು. ಉತ್ತರೆ, ಹಸ್ತದ ಮಳೆಗೆ ಬಿತ್ತಿದ ಜೋಳಕ್ಕೆ ಮುಂದೆ ಮೇಲಿನಿಂದ ಹನಿ ಬೀಳುವುದು ಅಪರೂಪ. ಅದು ನೆಲದೊಳಗೆ ಕೂಡಿಟ್ಟ ನೀರಿನ ಗಂಟಿನಲ್ಲೇ ಬದುಕಬೇಕು. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೋದಾಗ ನನ್ನ ಹೊಲದ ಜೋಳ ಹಸಿರಾಗಿ ನಿಂತಿರುತ್ತದೆ, ಅಣ್ಣನ ಹೊಲದಲ್ಲಿ ಎಲೆ ಸುರುಳಿ ಸುತ್ತಿರುತ್ತದೆ. ಮೇಲುಗೊಬ್ಬರವೆಂದು ಅಲ್ಲಿ ಹಾಕಿದ ಯೂರಿಯಾದ ಹಣ ದಂಡ. ಆ ಹೊಲಕ್ಕೆ ತಕ್ಕದ್ದು ಮುಂಗಾರಿನ ಹೆಸರಿನಂಥ, ಎಪ್ಪತ್ತು ದಿನದೊಳಗೆ ಕೈಗೆ ಬರುವ ಬೆಳೆ. ಕಾರ್ಡಿನ ಹನ್ನೆರಡು ಅಂಕಿಗಳಲ್ಲಿ ಯಾವುದೂ ಈ ಮಾತನ್ನು ಹೇಳುವುದಿಲ್ಲ.

ಹನ್ನೆರಡು ಯಾವುವು ಎಂದು ನೋಡಿದರೆ ಕಾರಣ ತಿಳಿಯುತ್ತದೆ. ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ. ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ರಸಸಾರ, ಲವಣಾಂಶ, ಸಾವಯವ ಇಂಗಾಲ. ಹನ್ನೆರಡೂ ರಾಸಾಯನಿಕ ಅಂಶಗಳು, ಹನ್ನೆರಡೂ ಮೇಲ್ಪದರದವು. ಅದೂ ನೀರಾವರಿಯಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು ಮಾದರಿ, ಮಳೆಯಾಶ್ರಿತದಲ್ಲಿ ಹತ್ತು ಹೆಕ್ಟೇರಿಗೆ ಒಂದು ಮಾದರಿ ಎಂದು ಯೋಜನೆ ಶುರುವಾದ 2015ರಲ್ಲಿ ನಿಗದಿಯಾಗಿತ್ತು. ಹತ್ತು ಹೆಕ್ಟೇರ್ ಎಂದರೆ ಇಪ್ಪತ್ತೈದು ಎಕರೆ. ನಮ್ಮ ಕಡೆ ಇಪ್ಪತ್ತೈದು ಎಕರೆಯಲ್ಲಿ ಕಲ್ಲುಮಿಶ್ರಿತ ಮಡ್ಡಿ, ಕೆಂಪು ಮಸಾರಿ, ಕಪ್ಪು ಎರೆ ಮೂರನ್ನೂ ದಾಟಿಬಿಡಬಹುದು.

ಒಂದು ಮಣ್ಣು ಯಾವ ಜಾತಿಯದು ಎಂದು ತೀರ್ಮಾನಿಸಲು ಸಮೀಕ್ಷೆಯಲ್ಲಿ ಏನು ಮಾಡುತ್ತೇವೆ ಎಂಬುದನ್ನು ಓದುಗರಿಗೆ ಹೇಳಬೇಕು. ಮೊದಲು ಊರಿನ ನಕ್ಷೆ ಹಿಡಿದು ದಿಬ್ಬದಿಂದ ಹಳ್ಳದವರೆಗೆ ಇಳಿಜಾರಿನುದ್ದಕ್ಕೂ ನಡೆಯುತ್ತೇವೆ. ಬಣ್ಣ, ಇಳಿಜಾರು, ಕಲ್ಲು ಬದಲಾದ ಕಡೆಯಲ್ಲೆಲ್ಲ ಗುಂಡಿ ತೋಡಿಸುತ್ತೇವೆ. ಸೂರ್ಯನ ಬೆಳಕು ಬೀಳುವ ಗೋಡೆಯನ್ನು ಚಾಕುವಿನಿಂದ ಕೆತ್ತಿ, ಮೇಲಿನ ಅಂಚಿಗೆ ಮೊಳೆ ಹೊಡೆದು ಅಳತೆಪಟ್ಟಿ ಇಳಿಬಿಡುತ್ತೇವೆ. ಒಂದೊಂದೇ ಪದರದ ಹೆಂಟೆಯನ್ನು ಒಡೆದು, ನೀರು ಚಿಮುಕಿಸಿ ಮನ್ಸೆಲ್ ಬಣ್ಣದ ಪುಸ್ತಕದ ಜೊತೆ ಹೋಲಿಸುತ್ತೇವೆ. ತುಸು ಮಣ್ಣನ್ನು ಕಲಸಿ ಹೆಬ್ಬೆರಳು ತೋರುಬೆರಳಿನ ನಡುವೆ ಪಟ್ಟಿ ಎಳೆಯುತ್ತೇವೆ. ಪಟ್ಟಿ ಉದ್ದ ಬಂದಷ್ಟೂ ಜೇಡಿ ಹೆಚ್ಚು. ತಿಳಿ ಮಾಡಿದ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಡುತ್ತೇವೆ, ನೊರೆಯೆದ್ದರೆ ಸುಣ್ಣವಿದೆ.

ಆಳದ ಎರೆಯಲ್ಲಿ ಎರಡು ಮೂರು ಅಡಿ ಇಳಿದ ಮೇಲೆ ಹೆಂಟೆಗಳು ಬೆಣೆಯ ಆಕಾರದಲ್ಲಿ ಓರೆಯಾಗಿ ಬಿಡಿಸಿಕೊಳ್ಳುತ್ತವೆ. ಅವುಗಳ ಮೈ ನಯವಾಗಿ ಹೊಳೆಯುತ್ತದೆ, ಅದರ ಮೇಲೆ ಗೀರುಗಳಿರುತ್ತವೆ. ಮಳೆಗೆ ಉಬ್ಬಿ, ಬಿಸಿಲಿಗೆ ಕುಗ್ಗಿ, ಮಣ್ಣು ತನ್ನ ಮೈಯನ್ನೇ ತಾನು ಉಜ್ಜಿಕೊಂಡ ಗುರುತು ಅದು. ಇಂಥ ಉಬ್ಬಿ ಕುಗ್ಗುವ ಎರೆಯನ್ನು ಮಣ್ಣು ವಿಜ್ಞಾನದಲ್ಲಿ ವರ್ಟಿಸಾಲ್ ಎನ್ನುತ್ತಾರೆ. ಆ ವರ್ಗಕ್ಕೆ ಸೇರಲು ಮಣ್ಣಿನಲ್ಲಿ ಶೇ 30ಕ್ಕಿಂತ ಹೆಚ್ಚು ಜೇಡಿ, ತೆರೆದು ಮುಚ್ಚುವ ಬಿರುಕು ಮತ್ತು ಈ ಹೊಳೆಯುವ ಮುಖಗಳು ಇರಬೇಕು. ಮೇಲಿನ ಒಂದು ಗೇಣಿನಲ್ಲಿ ಹುಡುಕಿದರೆ ಅವು ಕಾಣಸಿಗುವುದಿಲ್ಲ.

ಆಮೇಲೆ ಪ್ರಯೋಗಾಲಯದ ಕೆಲಸ. ಜೇಡಿ, ಗೋಡು, ಮರಳು ಎಷ್ಟೆಷ್ಟು ಎಂದು ಪ್ರತಿ ಪದರಕ್ಕೂ ಬೇರೆ ಬೇರೆ ಅಳೆಯಬೇಕು. ಗದಗ–ಧಾರವಾಡ ಸೀಮೆಯ ಆಳ ಎರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಜೇಡಿಯೇ. ಆ ಜೇಡಿಯಲ್ಲಿ ಹೆಚ್ಚಿನದು ನೀರು ಕುಡಿದು ಹಿಗ್ಗುವ ಸ್ಮೆಕ್ಟೈಟ್ ಖನಿಜ ಎಂಬುದನ್ನು ಎಕ್ಸ್‌–ರೇ ಪರೀಕ್ಷೆ ತೋರಿಸುತ್ತದೆ. ಕ್ಯಾಲ್ಸಿಯಂ, ಮೆಗ್ನೀಷಿಯಂ, ಸೋಡಿಯಂ ಯಾವ ಪದರದಲ್ಲಿ ಎಷ್ಟು ಅಂಟಿಕೊಂಡಿವೆ ಎಂಬ ಲೆಕ್ಕ ಇದಕ್ಕೆ ಸೇರಬೇಕು. ಸೋಡಿಯಂ ವಿಷಯಕ್ಕೆ ಮತ್ತೆ ಬರುತ್ತೇನೆ.

ಅದೂ ಸಾಲದು, ಹವಾಮಾನದ ದಾಖಲೆ ಬೇಕು. ನಾವಿರುವ ಉತ್ತರ ಒಣ ವಲಯದಲ್ಲಿ ವರ್ಷದ ಮಳೆ 465ರಿಂದ 785 ಮಿಲಿಮೀಟರ್. ಆವಿಯಾಗಬಲ್ಲ ನೀರು ಅದರ ದುಪ್ಪಟ್ಟಿಗೂ ಮಿಕ್ಕಿದ್ದು. ಬಿರುಕು ವರ್ಷದಲ್ಲಿ ಎಷ್ಟು ದಿನ ತೆರೆದಿರುತ್ತದೆ ಎಂಬುದು ವರ್ಟಿಸಾಲ್‌ಗಳ ಒಳವಿಂಗಡಣೆಯಲ್ಲಿ ಒಂದು ಅಳತೆ. ನಮ್ಮವು ತೊಂಬತ್ತು ದಿನಕ್ಕಿಂತ ಹೆಚ್ಚು ಬಾಯಿ ತೆರೆದಿರುವ ಗುಂಪಿನವು. ಆ ಬಿರುಕಿನ ಮಹತ್ವವನ್ನು ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯ ಅಳತೆಗಳಲ್ಲಿ ನೋಡಬೇಕು. ಬಿರಿದ ಒಣ ಎರೆಯೊಳಗೆ ಮೊದಲ ಅರ್ಧ ಗಂಟೆಯಲ್ಲಿ ನೀರು ಗಂಟೆಗೆ ಸುಮಾರು 75 ಮಿಲಿಮೀಟರ್ ವೇಗದಲ್ಲಿ ಇಳಿಯಿತು. ಅದೇ ಮಣ್ಣು ಪೂರ್ತಿ ನೆನೆದು ಬಿರುಕು ಮುಚ್ಚಿದ ಮೇಲೆ ಗಂಟೆಗೆ ಒಂದು ಮಿಲಿಮೀಟರ್ ಕೂಡ ಇಳಿಯಲಿಲ್ಲ. ಹಾಗಾಗಿ ಮಳೆ ಒಟ್ಟು ಎಷ್ಟು ಬಿತ್ತು ಎಂದರೆ ಸಾಲದು, ಯಾವಾಗ, ಎಷ್ಟು ರಭಸದಲ್ಲಿ ಬಿತ್ತು ಎಂಬುದೂ ಮಣ್ಣಿನ ಕಥೆಯ ಭಾಗ. ನಮ್ಮ ಹಿರಿಯರು ಮಳೆ ಬಿಟ್ಟ ಮೇಲೆ ಕುಂಟೆ ಹೊಡೆದು, ಎಡೆ ಹೊಡೆದು ಬಿರುಕಿಗೆ ಪುಡಿಮಣ್ಣು ಮುಚ್ಚುತ್ತಿದ್ದದ್ದು, ವಿಜಯಪುರದ ಒಣಬೇಸಾಯ ಕೇಂದ್ರದವರು ಮಳೆನೀರು ಹೊಲದಲ್ಲೇ ನಿಲ್ಲುವಂತೆ ಚೌಕು ಮಡಿ ಮಾಡಿ ಎಂದು ಹೇಳುತ್ತಾ ಬಂದಿರುವುದು, ಎರಡೂ ಇದನ್ನು ಬಲ್ಲವರ ಕೆಲಸ.

ಇನ್ನು ನೆಲದ ಇಳಿಜಾರು. ಎರೆ ಎಂದರೆ ಬಸಾಲ್ಟ್ ಕಲ್ಲು ಕರಗಿ ಆದದ್ದು ಎಂದು ಶಾಲೆಯ ಪುಸ್ತಕಗಳಲ್ಲಿ ಓದುತ್ತೇವೆ. ವಿಜಯಪುರ, ಕಲಬುರಗಿ, ಬೀದರ್ ಕಡೆಗೆ ಅದು ಬಹುಮಟ್ಟಿಗೆ ನಿಜ. ಗದಗ–ಧಾರವಾಡದ ಕಡೆ ಆ ಬಸಾಲ್ಟ್ ಹಾಸು ಇಲ್ಲ. ಇಲ್ಲಿನ ಎರೆಯ ಬುಡದಲ್ಲಿ ಶಿಸ್ಟ್, ನೈಸ್ ಕಲ್ಲುಗಳಿವೆ. ಮಲಪ್ರಭೆ, ಬೆಣ್ಣಿಹಳ್ಳ ಹೊತ್ತು ತಂದು ಹರವಿದ ಮೆಕ್ಕಲೂ ಇದೆ. ಎತ್ತರದಲ್ಲಿ ನೀರು ಬಸಿದುಹೋದಲ್ಲಿ ಕೆಂಪು ಮಸಾರಿ, ಸುಣ್ಣ ಮೆಗ್ನೀಷಿಯಂಗಳು ಇಳಿದು ಬಂದು ತಂಗಿದ ತಗ್ಗಿನಲ್ಲಿ ಎರೆ. ಒಂದೇ ಕಲ್ಲಿನಿಂದ ಹುಟ್ಟಿದ ಮಣ್ಣು ಇಳಿಜಾರಿನ ಯಾವ ಜಾಗದಲ್ಲಿ ಕುಳಿತಿದೆ ಎಂಬುದರ ಮೇಲೆ ಎರಡು ಬಗೆಯಾಗುತ್ತದೆ. ಕಲ್ಲೊಂದನ್ನೇ ನೋಡಿ ಮಣ್ಣು ಗುರುತಿಸುತ್ತೇನೆ ಎನ್ನುವವರು ನಮ್ಮ ಸೀಮೆಯಲ್ಲಿ ಎಡವುತ್ತಾರೆ.

ಸೋಡಿಯಂ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಮ್ಮ ಕಾಲುವೆ ಸೀಮೆಯ ಅನ್ನದ ಪ್ರಶ್ನೆ ಅದರಲ್ಲಿದೆ. ನವಿಲುತೀರ್ಥದ ಅಣೆಕಟ್ಟಿನ ನೀರು ಮಲಪ್ರಭಾ ಕಾಲುವೆಗಳಲ್ಲಿ ಬಂದ ಮೇಲೆ ನವಲಗುಂದ, ನರಗುಂದದ ಎಷ್ಟೋ ಹೊಲಗಳು ಉಪ್ಪೇರಿ, ನೀರು ನಿಂತು ಸವಳು ಜವಳಾದವು. ಬೆಟರ್‌ಮೆಂಟ್ ಲೆವಿ ವಿರುದ್ಧ 1980ರಲ್ಲಿ ಇಲ್ಲಿ ಎದ್ದ ರೈತ ಬಂಡಾಯವನ್ನು ಕನ್ನಡ ನಾಡು ಮರೆತಿಲ್ಲ. ಭೂಮಿ ಸುಧಾರಿಸಿತು ಎಂದು ಕರ ಕೇಳಿದ ಕಾಲಕ್ಕೆ, ಯಾವ ಹೊಲದ ಮಣ್ಣು ಎಷ್ಟು ನೀರು ತಾಳುತ್ತದೆ ಎಂಬ ಲೆಕ್ಕ ರೈತನ ಕೈಯಲ್ಲಿರಲಿಲ್ಲ. ಇವತ್ತಿಗೂ ಇಲ್ಲ. ಒಣ ಹವೆಯಲ್ಲಿ ಎರೆಯ ಕೆಳಪದರದಲ್ಲಿ ಸುಣ್ಣ ಗಂಟುಗಟ್ಟುತ್ತಾ ಹೋದಂತೆ ಕ್ಯಾಲ್ಸಿಯಂ ಕಡಿಮೆಯಾಗಿ, ಜೇಡಿಗೆ ಅಂಟಿದ ಸೋಡಿಯಂನ ಪಾಲು ಏರುತ್ತದೆ. ಪುಸ್ತಕದ ಪ್ರಕಾರ ಆ ಪಾಲು ಶೇ 15 ದಾಟಿದರೆ ಕ್ಷಾರ ಮಣ್ಣು. ಆದರೆ ಇಷ್ಟೊಂದು ಹಿಗ್ಗುವ ಜೇಡಿಯಿರುವ ಎರೆಯಲ್ಲಿ ಅದಕ್ಕಿಂತ ಬಹಳ ಮೊದಲೇ ನೀರು ಇಳಿಯುವುದು ನಿಲ್ಲುತ್ತದೆ. ನಾಗಪುರದ ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಸಂಸ್ಥೆಯ ವಿಜ್ಞಾನಿಗಳು ಇದನ್ನು ವಿವರವಾಗಿ ತೋರಿಸಿದ್ದಾರೆ. ಕಾರ್ಡಿನಲ್ಲಿರುವ ಲವಣಾಂಶದ ಅಂಕಿ ಮೇಲ್ಪದರದ್ದು. ‘ಸಾಮಾನ್ಯ’ ಎಂದು ಬಂದಿರುತ್ತದೆ. ಎರಡು ಅಡಿ ಕೆಳಗೆ ಬೇರು ಕೊಳೆಯುತ್ತಿರುತ್ತದೆ. ಆ ‘ಸಾಮಾನ್ಯ’ ಎಂಬ ಪದವನ್ನು ನಂಬಿ ಕಬ್ಬಿಗೆ ನೀರು ಬಿಡುವ ರೈತನನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಇಷ್ಟೆಲ್ಲ ಮಾಹಿತಿಯನ್ನು ಹೊಸದಾಗಿ ಸಂಗ್ರಹಿಸಲು ಹಣವೆಲ್ಲಿದೆ ಎಂದು ಕೇಳಬಹುದು. ಬಹುಪಾಲು ಈಗಾಗಲೇ ಸರ್ಕಾರದ ಬಳಿ ಇದೆ! ಜಲಾನಯನ ಅಭಿವೃದ್ಧಿಯ ಸುಜಲ–3 ಯೋಜನೆಯಡಿ ಗದಗವೂ ಸೇರಿದಂತೆ ಹಲವು ಜಿಲ್ಲೆಗಳ ಆಯ್ದ ಕಿರುಜಲಾನಯನಗಳಲ್ಲಿ ಭೂಸಂಪನ್ಮೂಲ ಸಮೀಕ್ಷೆ ನಡೆದಿದೆ. ಅದರ ಅಳತೆ 1:7920, ಅಂದರೆ ಗ್ರಾಮನಕ್ಷೆಯ ಅಳತೆಯೇ. ಸರ್ವೆ ನಂಬರಿನ ಮಟ್ಟದಲ್ಲಿ ಮಣ್ಣಿನ ಆಳ, ಇಳಿಜಾರು, ಗರಸು, ಸವಕಳಿ, ಹಿಡಿದಿಡಬಲ್ಲ ನೀರು ಎಲ್ಲವನ್ನೂ ನಕ್ಷೆಯಲ್ಲಿ ಬಣ್ಣ ಹಚ್ಚಿ ತೋರಿಸಿದ್ದಾರೆ. ದೇಶದಲ್ಲೇ ಹೆಮ್ಮೆಪಡುವಂಥ ಕೆಲಸ ಅದು. ಗ್ರಾಮ ಪಂಚಾಯಿತಿಗಳಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳಿವೆ. ಪಹಣಿಯಲ್ಲಿ ‘ಮಣ್ಣಿನ ನಮೂನೆ’ ಎಂಬ ಕಾಲಂ ಇದ್ದೇ ಇದೆ. ನಾನು ನೋಡಿದ ಪಹಣಿಗಳಲ್ಲಿ ಅದು ಖಾಲಿ, ಇಲ್ಲವೇ ಒಂದೇ ಪದ. ಮಣ್ಣಿನ ರಸಾಯನ ಒಂದು ಕಚೇರಿಯಲ್ಲಿ, ಆಳ ಇನ್ನೊಂದರಲ್ಲಿ, ಮಳೆ ಮೂರನೆಯದರಲ್ಲಿ, ಸರ್ವೆ ನಂಬರು ನಾಲ್ಕನೆಯದರಲ್ಲಿ ಕುಳಿತಿವೆ. ರೈತ ಮಾತ್ರ ನಾಲ್ಕನ್ನೂ ಒಂದೇ ಹೊಲದಲ್ಲಿ ಎದುರಿಸುತ್ತಾನೆ.

ನನ್ನ ಬೇಡಿಕೆ ಇಷ್ಟು. ಸಮೀಕ್ಷೆ ಮುಗಿದಿರುವ ಹಳ್ಳಿಗಳಲ್ಲಿ ಕಾರ್ಡಿನ ಹಿಂಬದಿಯಲ್ಲಿ ಆ ಸರ್ವೆ ನಂಬರಿನ ಮಣ್ಣಿನ ಆಳ, ಜೇಡಿಯ ಪ್ರಮಾಣ, ಇಳಿಜಾರು, ಹಿಡಿದಿಡಬಲ್ಲ ನೀರು ಇವುಗಳನ್ನು ಅಚ್ಚು ಮಾಡಿ. ಗೊಬ್ಬರದ ಶಿಫಾರಸನ್ನು ಆ ಆಳಕ್ಕೆ ಮತ್ತು ಆ ಪಂಚಾಯಿತಿಯ ಮಳೆಗೆ ಹೊಂದಿಸಿ. ಕಾಲುವೆ ಸೀಮೆಯಲ್ಲಿ ಮೇಲ್ಪದರದ ಜೊತೆಗೆ ಎರಡರಿಂದ ಮೂರು ಅಡಿ ಆಳದ ಇನ್ನೊಂದು ಮಾದರಿಯನ್ನೂ ತೆಗೆದು ಸೋಡಿಯಂ ಪರೀಕ್ಷೆ ಮಾಡಿಸಿ. ಸಮೀಕ್ಷೆ ಆಗದ ಹಳ್ಳಿಗಳಲ್ಲಿ ದಿಬ್ಬಕ್ಕೊಂದು, ನಡುವಿಗೊಂದು, ಹಳ್ಳದ ದಂಡೆಗೊಂದು ಗುಂಡಿ ತೋಡಿಸಿ, ಊರಿನವರನ್ನು ಕರೆದು ತೋರಿಸಿ. ಇದಕ್ಕೆ ಬೇಕಾದದ್ದು ಗುದ್ದಲಿ, ಅಳತೆಪಟ್ಟಿ, ಮತ್ತು ಪದವಿ ಓದಿ ಕೆಲಸಕ್ಕಾಗಿ ಕಾಯುತ್ತಿರುವ ನಮ್ಮ ಕೃಷಿ ಪದವೀಧರರು.

ಅಣ್ಣನ ಹೊಲದ ಬದುವಿನಲ್ಲಿ ಒಂದು ಗುಂಡಿಯನ್ನು ನಾವೇ ತೋಡಿಸಿದ್ದೇವೆ. ಗರಸು ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಸುಣ್ಣದಿಂದ ಗೆರೆ ಎಳೆದು ತೋರಿಸಿದ್ದೇನೆ. ಅಕ್ಕಪಕ್ಕದ ಹೊಲದವರು ಬಂದು ನೋಡಿ, ತಮ್ಮ ಹೊಲದಲ್ಲೂ ಹಾರೆ ಹಾಕಿ ನೋಡುತ್ತಿದ್ದಾರೆ. ಇಲಾಖೆಯ ಅಧಿಕಾರಿಗಳು ಯಾವ ದಿನ ಬಂದರೂ ತೋರಿಸಲು ನಾನು ಸಿದ್ಧ.

ಇಂತಿ,
ಒಬ್ಬ ನಿವೃತ್ತ ಮಣ್ಣು ಸಮೀಕ್ಷಾ ಸಹಾಯಕಿ
ನರಗುಂದ ತಾಲ್ಲೂಕು, ಗದಗ ಜಿಲ್ಲೆ