ಸೀಟು ಸಿಕ್ಕಿತು, ನೆಮ್ಮದಿ ಸಿಗಲಿಲ್ಲ

ಮಾನ್ಯರೆ,

ಮನೆತನದಲ್ಲೇ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರು, ತರಗತಿಯಲ್ಲಿ ತಮ್ಮ ಸಮುದಾಯದವರೆಂದು ತಾವೊಬ್ಬರೇ ಇರುವವರು ಖಿನ್ನತೆಗೆ ಜಾರಿದಾಗ ‘ಹೊಂದಿಕೊಳ್ಳಲು ಬರಲಿಲ್ಲ’ ಎಂದು ಷರಾ ಬರೆದು ಕೈತೊಳೆದುಕೊಳ್ಳುವುದು ಸುಲಭ. ಪರೀಕ್ಷೆಯ ಭಯ ಎಲ್ಲರಿಗೂ ಇದೆ. ಇವರಿಗೆ ಅದರ ಮೇಲೊಂದು ಹೊರೆ: ತಾನು ಎಡವಿದರೆ ತನ್ನವರೆಲ್ಲರ ಯೋಗ್ಯತೆಯನ್ನೇ ಅಳೆಯುತ್ತಾರೆಂಬ ಅಂಜಿಕೆ. ಈ ಅಂಜಿಕೆಯೇ ಅಂಕಗಳನ್ನು ಕುಗ್ಗಿಸಬಲ್ಲದೆಂದು ಮನೋವಿಜ್ಞಾನಿಗಳಾದ ಕ್ಲಾಡ್ ಸ್ಟೀಲ್ ಮತ್ತು ಜೋಶುವಾ ಆರನ್‌ಸನ್ 1995ರಲ್ಲೇ ವಾದಿಸಿದ್ದರು.

2011ರಲ್ಲಿ ಪ್ರಕಟವಾದ ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೊಹೆನ್ ಅವರ ಅಧ್ಯಯನ ನನಗೆ ಹೆಚ್ಚು ಆಶಾದಾಯಕವಾಗಿ ಕಂಡಿತು. ‘ನಾನು ಇಲ್ಲಿಗೆ ಸೇರಿದವನಲ್ಲ’ ಎಂಬ ಭಾವನೆ ಹೊಸಬರೆಲ್ಲರಿಗೂ ಬರುತ್ತದೆ, ಕ್ರಮೇಣ ಕರಗುತ್ತದೆ ಎಂದು ಹಿರಿಯ ವಿದ್ಯಾರ್ಥಿಗಳ ಅನುಭವದ ಮೂಲಕ ಮನಗಾಣಿಸಿದ ಸುಮಾರು ಒಂದು ಗಂಟೆಯ ಪ್ರಯೋಗ ಅದು. ಪಾಲ್ಗೊಂಡ ಅಮೆರಿಕದ ಕಪ್ಪು ವಿದ್ಯಾರ್ಥಿಗಳ ಅಂಕಗಳೂ, ಅವರೇ ಹೇಳಿಕೊಂಡ ಆರೋಗ್ಯವೂ ಮುಂದಿನ ಮೂರು ವರ್ಷಗಳಲ್ಲಿ ಸುಧಾರಿಸಿದವು.

ಹಾಗೆಂದು ಒಂದು ಭಾಷಣ ಏರ್ಪಡಿಸಿ ಫೋಟೊ ತೆಗೆಸಿಕೊಂಡರೆ ಆಯಿತೆಂದು ಆಡಳಿತ ಮಂಡಳಿಗಳು ಭಾವಿಸಬಾರದು (ಭಾವಿಸುತ್ತವೆ ಎಂಬುದೇ ನನ್ನ ಭಯ). ಅವಮಾನಿಸಿದ ಅಧ್ಯಾಪಕರ ಮೇಲಿನ ದೂರು ಕಡತದಲ್ಲೇ ಕೊಳೆಯುತ್ತಿದ್ದರೆ ಯಾವ ಸಮಾಲೋಚನೆಯೂ ಫಲಿಸದು. ಆಪ್ತಸಮಾಲೋಚಕರು ವಿದ್ಯಾರ್ಥಿಯ ಭಾಷೆ ಬಲ್ಲವರಾಗಿರಲಿ. ಅವರ ಬಳಿ ಹೇಳಿಕೊಂಡದ್ದು ವಿಭಾಗದ ಮುಖ್ಯಸ್ಥರ ಕಿವಿಗೆ ಬೀಳದಿರಲಿ. ವಿದ್ಯಾರ್ಥಿವೇತನವನ್ನು ಶುಲ್ಕದ ಗಡುವಿಗೆ ಮೊದಲೇ ಕೊಡಿ. ಎಷ್ಟೋ ಮಂದಿಯ ಕಳೆದುಹೋದ ನಿದ್ದೆ ಅದೊಂದರಿಂದಲೇ ಮರಳೀತು.

– ನಿವೃತ್ತ ಉಪನ್ಯಾಸಕಿ