ಭಾನುವಾರದ ಮಾತುಕತೆ: 786ರ ಲೆಕ್ಕ

ಎಲ್ಲರಿಗೂ ನಮಸ್ಕಾರ, ಸಲಾಂ.

ಈ ಭಾನುವಾರ ಸಂಜೆ 5ಕ್ಕೆ ಚಿಕ್ಕಮಗಳೂರಿನಲ್ಲಿ ಎಂದಿನ ಜಾಗದಲ್ಲೇ ಸೇರೋಣ. ಸೂರ್ಯ ಮುಳುಗಿದ ಮೇಲಿನ ಮಗ್ರಿಬ್ ನಮಾಜಿಗೆ ಮೊದಲೇ ಮುಗಿಸೋಣ.

ಆಟೋ ಗಾಜಿನ ಮೇಲೆ, ಅಂಗಡಿ ಬಿಲ್ಲಿನ ತಲೆಯಲ್ಲಿ 786 ನೋಡಿರುತ್ತೀರಿ ಅಲ್ವಾ? ಅದು ಅಬ್ಜದ್ ಲೆಕ್ಕ. ಅರಬ್ಬಿಯ ಒಂದೊಂದು ಅಕ್ಷರಕ್ಕೂ ಒಂದು ಅಂಕಿ ಇದೆ. ‘ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್’ (ಕರುಣಾಮಯಿ, ದಯಾಮಯಿ ಅಲ್ಲಾಹನ ಹೆಸರಿನಲ್ಲಿ) ಅನ್ನುವುದರ ಅಕ್ಷರಗಳ ಅಂಕಿ ಕೂಡಿದರೆ 786. ಚಿಕ್ಕ ಲೆಕ್ಕ ಬೇಕಾದರೆ ಮುಹಮ್ಮದ್ ಹೆಸರು ನೋಡಿ: ಮೀಮ್ 40, ಹಾ 8, ಮೀಮ್ 40, ದಾಲ್ 4. ಒಟ್ಟು 92. ಹಾಗಂತ 786 ಕುರಾನಿನಲ್ಲಿ ಹೇಳಿದ್ದಲ್ಲ, ಜನರ ರೂಢಿ. ಬಿಸ್ಮಿಲ್ಲಾ ಬದಲು ಅಂಕಿ ಬರೆಯುವುದನ್ನು ಒಪ್ಪದ ಮೌಲ್ವಿಗಳೂ ಇದ್ದಾರೆ. ಎರಡೂ ಕಡೆಯವರು ಮಾತಾಡಿ, ಜಗಳ ಬೇಡ.

ಅಲ್ಲಾಹನ 99 ಹೆಸರು, 33 ಮಣಿಯ ತಸ್ಬೀಹ್ (ಜಪಮಾಲೆ), ಸತ್ತವರಿಗಾಗಿ 40ನೇ ದಿನ ಓದುವ ಫಾತೆಹಾ ಪ್ರಾರ್ಥನೆ ಕೂಡ ಮಾತಿಗೆ ಬರಲಿವೆ. ನನಗಂತೂ ಸೂಫಿ ಸಂತ ಬಾಬಾ ಬುಡನ್ ತಂದರೆನ್ನುವ 7 ಕಾಫಿ ಬೀಜದ ಕತೆಯೇ ಜಾಸ್ತಿ ಇಷ್ಟ. ಎಂಟು ಯಾಕಲ್ಲ? ಏಳು ಶುಭ ಅನ್ನೋ ನಂಬಿಕೆ. ಮೆಕ್ಕಾದಲ್ಲಿ ಕಾಬಾ ಸುತ್ತುವುದೂ 7 ಸಲ.

ನಂಬರಿನಲ್ಲಿ 786 ಇರುವ ನೋಟು ಇದ್ದರೆ ತನ್ನಿ. ತೋರಿಸೋಕೆ ಮಾತ್ರ, ಮಾರೋಕಲ್ಲ! ಮನೆಯ ಹಿರಿಯರು ಹೇಳುವ ಅಂಕಿ ಕತೆಗಳನ್ನೂ ಕೇಳಿಕೊಂಡು ಬನ್ನಿ.

ಬರುವವರು ಶನಿವಾರ ರಾತ್ರಿಯೊಳಗೆ ಇಲ್ಲೇ ‘ಬರ್ತೀನಿ’ ಅಂತ ಹಾಕಿ. ಕಾಫಿಗೆ ಹೇಳಬೇಕು. ಸುಮ್ನೆ ಹೆಬ್ಬೆರಳು ಒತ್ತಿದರೆ ಲೆಕ್ಕಕ್ಕಿಲ್ಲ.